ಕೊನೇ ಫಾರಂ ಇಲ್ಲದ ಪತ್ತೇದಾರಿಗಳನ್ನು ನಾನು ಪೂರ್ತಿ ಮಾಡಿದ್ದು

ಎರಡು ಹರಿದ ಪ್ರತಿ ಸೇರಿಸಿ ಒಂದು ಪೂರ್ತಿ ಕಾದಂಬರಿ ಮಾಡ್ತೀನಿ ಅಂದಾಗ ಹಳೇ ಪುಸ್ತಕ ಕೂಡಿಡುವ ಗೆಳೆಯರು ನಕ್ಕಿದ್ದರು. "ಬೆರಕೆ ಪ್ರತಿಗೆ ಬೆಲೆ ಇಲ್ಲ" ಅಂದರು ಒಬ್ಬರು. "ಸುಮ್ನೆ ಸ್ಕ್ಯಾನ್ ಮಾಡಿ ಇಟ್ಕೋ" ಅಂದರು ಇನ್ನೊಬ್ಬರು. ಈಗ ನನ್ನ ಕಪಾಟಿನಲ್ಲಿ ಹೀಗೆ ಜೋಡಿಸಿದ ಪತ್ತೇದಾರಿ ಕಾದಂಬರಿಗಳು ನಲವತ್ತರ ಹತ್ತಿರ ಇವೆ. ಓದೋಕೆ ಕೊಟ್ಟಿದ್ದೇನೆ, ವಾಪಸ್ ಬಂದಿವೆ, ಹಾಳೆ ಉದುರಿಲ್ಲ. ನಕ್ಕವರೇ ಆಮೇಲೆ ತಮ್ಮ ಹರಕು ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದರು.

ಸಾಮಾಜಿಕ ಕಾದಂಬರಿಯ ಕೊನೇ ಹಾಳೆ ಹೋದರೆ ಹೇಗೋ ನಡೆಯುತ್ತದೆ. ಮದುವೆ ಆಯಿತೋ ಇಲ್ಲವೋ ಅಂತ ಊಹಿಸಿಕೊಂಡರಾಯಿತು. ಪತ್ತೇದಾರಿಯಲ್ಲಿ ಕೊನೇ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚಿದ ಕೊನೇ 16 ಪುಟ, ಹೋದರೆ ಏನು ಉಳಿಯಿತು? ಆದರೆ ಹೋಗುವುದು ಅದೇ. ಪಕ್ಕದಿಂದ ಹೊಡೆದ ಪಿನ್ನು ತುಕ್ಕು ಹಿಡಿಯುತ್ತದೆ. ರಟ್ಟು ಕಿತ್ತು ಬರುವಾಗ ಮೊದಲ ಫಾರಮ್ಮನ್ನೋ ಕೊನೇ ಫಾರಮ್ಮನ್ನೋ ಎಳೆದುಕೊಂಡೇ ಬರುತ್ತದೆ. ಸರ್ಕ್ಯುಲೇಟಿಂಗ್ ಲೈಬ್ರರಿ ಮೊಹರು ಬಿದ್ದ ಪ್ರತಿಯಾದರೆ ಎರಡೂ ಇರುವುದಿಲ್ಲ.

ಎನ್. ನರಸಿಂಹಯ್ಯನವರ ಪುಸ್ತಕಗಳ ಪಾಡು ಎಲ್ಲಕ್ಕಿಂತ ಕಷ್ಟ. ನಾಲ್ಕನೇ ತರಗತಿವರೆಗೆ ಓದಿದ ಆ ಮನುಷ್ಯ ಐನೂರಕ್ಕೂ ಜಾಸ್ತಿ ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರರಾದ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಲ್ಲರೂ ಕೈಯಿಂದ ಕೈಗೆ ಓಡಾಡಿಯೇ ಸವೆದುಹೋದವರು. ಪತ್ತೇದಾರಿ ಬರೆದ ಇನ್ನೊಬ್ಬರು ಮ. ರಾಮಮೂರ್ತಿ, ಅವರದ್ದು ಬೇರೆ ತಾಪತ್ರಯ. ಕನ್ನಡ ಬಾವುಟ ರೂಪಿಸಿದವರು ಅನ್ನುವ ಕಾರಣಕ್ಕೇ ಅವರ ಪುಸ್ತಕ ಕೊಳ್ಳುವವರಿದ್ದಾರೆ. ಓದುವುದಿಲ್ಲ, ಗಾಜಿನ ಹಿಂದೆ ಇಡುತ್ತಾರೆ. ಬೆಲೆ ಏರಿದ್ದು ಹೀಗೆ ಕೊಳ್ಳುವವರಿಂದ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತಿದ್ದ ಹರಕು ಪ್ರತಿಗೆ ಈಗ ಇನ್ನೂರು ಮುನ್ನೂರು ಕೇಳುತ್ತಾರೆ. ಕೊನೇ ಫಾರಂ ಇಲ್ಲ ಅಂತ ತೋರಿಸಿದರೆ ಐವತ್ತು ಇಳಿಸುತ್ತಾರೆ, ಅಷ್ಟೇ.

ದುಡ್ಡು ಹೆಚ್ಚು ಸುರಿದದ್ದು ಅಂಟಿನ ಮೇಲೆ. ಫೆವಿಕಾಲ್ ಒಣಗಿದ ಮೇಲೆ ಕಾಗದಕ್ಕಿಂತ ಗಟ್ಟಿ. ಹಾಳೆ ಮಡಚಿದರೆ ಅಂಟಿನ ಗೆರೆಯ ಅಂಚಿಗೇ ಸರಿಯಾಗಿ ಮುರಿಯುತ್ತದೆ. ಆಮೇಲೆ ಹಳೇ ಬೈಂಡಿಂಗ್‌ನವರ ಪದ್ಧತಿಯಂತೆ ಮೈದಾ ಗೋಂದಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದೆ. ಹುಳ ಬರಲಿಲ್ಲ, ನಿಜ. ಆದರೆ ತಾಮ್ರ ಸೇರಿದ ಜಾಗ ಒಂದೆರಡು ಮಳೆಗಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಯಿತು. ಮೊದಲೇ ಹುಳಿ ಹಿಡಿದ ಅಗ್ಗದ ಕಾಗದ, ಅದಕ್ಕೆ ತಾಮ್ರ ಬೇರೆ! ಒಂದು ಬೈಂಡಿಂಗ್ ಅಂಗಡಿಗೆ ಹನ್ನೆರಡೋ ಹದಿಮೂರೋ ಪುಸ್ತಕ ಕೊಟ್ಟೆ. ಅಂಚು ಕತ್ತರಿಸಬೇಡಿ ಅಂತ ಚೀಟಿ ಬರೆದೇ ಕೊಟ್ಟಿದ್ದೆ. ಮೂರೂ ಕಡೆ ನೀಟಾಗಿ ಕತ್ತರಿಸಿ, ಪುಟಸಂಖ್ಯೆ ಸಮೇತ ಹಾರಿಸಿ, ಮೇಲೆ ರೆಕ್ಸಿನ್ ಹೊದಿಸಿ ಕೊಟ್ಟರು. ಎರಡು ಸಾವಿರದ ಆಸುಪಾಸು ಬಿಲ್ಲು. ಅವತ್ತಿನಿಂದ ಸೂಜಿ, ದಾರ ನನ್ನ ಕೈಯಲ್ಲೇ.

ಕೊನೆಗೆ ಕೈಹಿಡಿದದ್ದು ನೀರಲ್ಲಿ ಕಲಸಿದರೆ ಅಂಟಾಗುವ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಪುಡಿ ಮತ್ತು ತೆಳು ಜಪಾನಿ ಟಿಶ್ಯೂ, ಅಂದರೆ ಉದ್ದ ನಾರಿನ ರಿಪೇರಿ ಕಾಗದ. ಟಿಶ್ಯೂ ದುಬಾರಿ, ದೊಡ್ಡ ಹಾಳೆಗೆ ನೂರೈವತ್ತರ ಮೇಲೆ ಬಿತ್ತು. ಆದರೆ ಒಂದು ಹಾಳೆಯಲ್ಲಿ ನಾಲ್ಕೈದು ಪುಸ್ತಕದ ಬೆನ್ನು ಮುಗಿಯುತ್ತದೆ. ಕತ್ತರಿ ಹಾಕಬೇಡಿ. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಕೈಯಲ್ಲಿ ಹರಿಯಿರಿ. ಅಂಚಿನಲ್ಲಿ ನಾರು ನಾರಾಗಿ ಎಳೆ ಬಿಡುತ್ತದಲ್ಲ, ಆ ಎಳೆಯೇ ಕಾಗದವನ್ನು ಹಿಡಿಯುವುದು. ಅಕ್ಷರದ ಮೇಲೆ ಬಂದರೂ ಒಣಗಿದ ಮೇಲೆ ಓದಲು ಅಡ್ಡಿಯಿಲ್ಲ. ಸಿಎಂಸಿ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ನಿಮ್ಮ ಕೈಯೇ ಹೇಳುತ್ತದೆ. ನಾನು ಅದಕ್ಕೆ ಸೇರಿಸುವ ಇನ್ನೊಂದು ವಸ್ತುವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಅಂಟಿಸುವುದಕ್ಕಿಂತ ತಲೆನೋವು ಜೋಡಿ ಹುಡುಕುವುದು. ಒಂದೇ ಮುದ್ರಣದ ಎರಡು ಪ್ರತಿ ಸಿಕ್ಕರೆ ಹಬ್ಬ. ಫಾರಂ ಶುರುವಾಗುವ ಪುಟದ ಕೆಳಗೆ ಮೂಲೆಯಲ್ಲಿ ಸಣ್ಣ ಅಂಕಿ ಇರುತ್ತದೆ, ಅದು ಹೊಂದಿದರೆ ಹೊಲಿದರೆ ಮುಗಿಯಿತು. ಮರುಮುದ್ರಣವಾದರೆ ಅಚ್ಚಿನ ಮೊಳೆ ಹೊಸದಾಗಿ ಜೋಡಿಸಿರುತ್ತಾರೆ, ಪುಟ ಜಾರಿಬಿಡುತ್ತದೆ. ಒಂದರಲ್ಲಿ 144ನೇ ಪುಟ "ಮುಖವಾಡ ಕಳಚಿ" ಅಂತ ನಿಂತಿತ್ತು. ಇನ್ನೊಂದರಲ್ಲಿ ಅದೇ ಮಾತು 141ರ ನಡುವೆ. ನಾನು ಏನನ್ನೂ ಕತ್ತರಿಸಲಿಲ್ಲ. ಎರಡನೆಯದರ ಫಾರಂ ಹಾಗೇ ಹೊಲಿದು, ಎಲ್ಲಿಂದ ಓದಬೇಕೋ ಅಲ್ಲಿ ಅಂಚಿನಲ್ಲಿ ಪೆನ್ಸಿಲ್ ಗೆರೆ ಹಾಕಿದೆ. ಓದುಗರಿಗೆ ಒಂದಿಷ್ಟು ಪುಟ ಎರಡು ಸಲ ಸಿಗುತ್ತದೆ. ಸಿಗಲಿ ಬಿಡಿ. ಸಂಗ್ರಹಕಾರರಿಗೆ ಇದೇ ಅಪಚಾರ. ಪೆನ್ಸಿಲ್ ಅಳಿಸಬಹುದು, ದಾರ ಬಿಚ್ಚಬಹುದು, ಮತ್ತೇನು ಬೇಕು?

ಈ ನಡುವೆ ಒಂದು ಆಟ ಶುರುವಾಯಿತು. ಕೊನೇ ಫಾರಂ ಸಿಗದ ಪುಸ್ತಕ ಓದಿ, ಕೊಲೆಗಾರ ಯಾರು ಅಂತ ಚೀಟಿ ಬರೆದು ಒಳಗಿಡುವುದು. ಫಾರಂ ಸಿಕ್ಕ ದಿನ ಚೀಟಿ ತೆಗೆಯುವುದು. ಅರ್ಧಕ್ಕರ್ಧ ಸರಿಯಾಗಿದೆ ಅಂತ ನೆನಪು. ಜಾಣತನವೇನಿಲ್ಲ, ಮೊದಲ ಮೂರು ಫಾರಂ ಒಳಗೆ ಅತಿಯಾಗಿ ಸಹಾಯ ಮಾಡಲು ಬರುವವನ ಮೇಲೆ ಕಣ್ಣಿಟ್ಟರೆ ಸಾಕು. ತಪ್ಪಿದ ಚೀಟಿಗಳೇ ನನಗೆ ಹೆಚ್ಚು ಇಷ್ಟ. ಒಂದೆರಡರಲ್ಲಿ ನನ್ನ ಕೊನೆ ಮೂಲಕ್ಕಿಂತ ಚೆನ್ನಾಗಿತ್ತು ಅಂತ ಈಗಲೂ ವಾದ ಮಾಡುತ್ತೇನೆ. ವೇಷ ಮರೆಸಿಕೊಂಡ ಪತ್ತೇದಾರ ದಿಢೀರ್ ಅಂತ ಗಡ್ಡ ಕಿತ್ತು ನಿಂತರೆ ಅದಕ್ಕೆ ಯಾವ ಓದುಗ ಸಿದ್ಧನಾಗಿರುತ್ತಾನೆ, ಹೇಳಿ? ಆದರೂ ಆ ಗಡ್ಡ ಕೀಳುವ ಪುಟಕ್ಕೇ ನಾನು ಊರೂರು ಸುತ್ತಿದ್ದು.

ಹುಳದ ಬಗ್ಗೆ ಎರಡು ಮಾತು. ಹೊಸದಾಗಿ ತಂದ ಪ್ರತಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ ಎರಡು ಮೂರು ವಾರ ಇಡುತ್ತೇನೆ. ಮೈನಸ್ 18 ಡಿಗ್ರಿ ಇರಬೇಕು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಹಾಳೆ ಮೇಲೆ ನೀರು ಕೂರುತ್ತದೆ. ಮನೆಯಲ್ಲಿ ಬೈಗುಳ ಗ್ಯಾರಂಟಿ.

ಲೆಕ್ಕ ಹಾಕಿದರೆ ಎರಡು ಹರಕು ಪ್ರತಿ, ಟಿಶ್ಯೂ, ದಾರ ಎಲ್ಲ ಸೇರಿ ಒಂದು ಪುಸ್ತಕಕ್ಕೆ ನಾನೂರು ಐನೂರು ಬೀಳುತ್ತದೆ. ಪೂರ್ತಿ ಇರುವ ಒಳ್ಳೇ ಪ್ರತಿಗೆ ಅದರ ಮೂರು ಪಟ್ಟು ಹೇಳುವುದನ್ನು ನೋಡಿದ್ದೇನೆ. ಬಿಡಿ ಫಾರಂಗಳು ಎಲ್ಲಿ ಗುಡ್ಡೆಯಾಗಿ ಬಿದ್ದಿರುತ್ತವೆ ಅನ್ನುವುದನ್ನು ಮಾತ್ರ ಕೇಳಬೇಡಿ, ಅಲ್ಲಿ ನನ್ನದಿನ್ನೂ ಮುಗಿದಿಲ್ಲ. ಬದಲಾಯಿಸಿಕೊಳ್ಳಲು ತಯಾರಿದ್ದೇನೆ: ಗಾಳಿರಾಯನ ಮೊದಲ ಫಾರಂಗಳು ನನ್ನಲ್ಲಿ ಬೇಕಾದಷ್ಟಿವೆ, ಅರಿಂಜಯನ ಕೊನೇ ಫಾರಂ ಇದ್ದವರು ಒಂದಕ್ಕೆ ಎರಡು ತೆಗೆದುಕೊಂಡು ಹೋಗಬಹುದು.