ಕಾರಿನ ವೇಗ ಕೈಕೊಟ್ಟರೆ ದೂರು ಕೊಡುವುದು ಹೇಗೆ?

ಕಳೆದ ವರ್ಷ ನಮ್ಮ ಭಾವ ಚಿತ್ರದುರ್ಗದಿಂದ ದಾವಣಗೆರೆಗೆ ಬರುತ್ತಿದ್ದರು. ಭರಮಸಾಗರ ದಾಟಿದ ಮೇಲೆ ಹೆದ್ದಾರಿ ಖಾಲಿ ಇತ್ತು ಅಂತ ಕ್ರೂಸ್ ಕಂಟ್ರೋಲನ್ನು, ಅಂದರೆ ಆಕ್ಸಿಲರೇಟರ್ ಒತ್ತದೆಯೇ ಕಾರು ಒಂದೇ ವೇಗದಲ್ಲಿ ಓಡುವಂತೆ ಮಾಡುವ ವ್ಯವಸ್ಥೆಯನ್ನು, ಗಂಟೆಗೆ 90 ಕಿಲೋಮೀಟರಿಗೆ ಇಟ್ಟರು. ಮುಂದೆ ಟ್ರ್ಯಾಕ್ಟರ್ ಕಂಡು ಬ್ರೇಕ್ ಒತ್ತಿದರು. ಕಾರು ನಿಧಾನವಾಯಿತು. ಕಾಲು ತೆಗೆದದ್ದೇ ತಡ, ಮತ್ತೆ ತಾನಾಗಿಯೇ ಓಡತೊಡಗಿತು. ಬ್ರೇಕ್ ಮುಟ್ಟಿದ ಕೂಡಲೇ ಕ್ರೂಸ್ ಬಿಟ್ಟುಹೋಗಬೇಕು. ಅದು ಬಿಡಲಿಲ್ಲ.

ನಾಲ್ಕು ತಿಂಗಳಲ್ಲಿ ಮೂರು ಸಲ ಸರ್ವಿಸ್ ಸೆಂಟರಿಗೆ ಹೋದರು. ಮೂರು ಸಲವೂ "ಏನೂ ತೊಂದರೆ ಇಲ್ಲ ಸರ್" ಅನ್ನುವ ಉತ್ತರ. ಕೊನೆಗೆ ಕಾಗದಗಳನ್ನು ನನ್ನ ಮುಂದೆ ಇಟ್ಟರು. ಗಾಡಿ ಬಿಟ್ಟಾಗ ನಮ್ಮ ದೂರು ಬರೆದುಕೊಳ್ಳುವ ಸರ್ವಿಸ್ ಸೆಂಟರಿನ ಕಾಗದವೇ ಜಾಬ್ ಕಾರ್ಡ್. ಮೂರರಲ್ಲೂ ಬರೆದದ್ದು ಒಂದೇ: ಜನರಲ್ ಚೆಕಪ್. ಕ್ರೂಸ್ ಅನ್ನುವ ಪದವೇ ಇಲ್ಲ. ಕಾಗದ ನೋಡಿದವರಿಗೆ ಭಾವ ದೂರನ್ನೇ ಕೊಟ್ಟಿಲ್ಲ ಅನಿಸಬೇಕು. ಪರಿಚಯದವರಿಗೆ ದೂರು ಬರೆದುಕೊಡುವಾಗ ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ.

ಹಂತ 1: ಮೊದಲು ಗಾಡಿ ನಿಲ್ಲಿಸಿ

ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪದೇ ಪದೇ ಒತ್ತಿ ಬಿಟ್ಟು ಮಾಡಬೇಡಿ. ಆಕ್ಸಿಲರೇಟರ್ ಪೂರ್ತಿ ತೆರೆದಿರುವಾಗ ಹಾಗೆ ಮಾಡಿದರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಅಬ್ಬರಿಸುತ್ತದೆ, ಅಬ್ಬರಿಸಲಿ. ಓಡುವಾಗ ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ರಸ್ತೆ ಬದಿಗೆ ಬಂದು ನಿಂತ ಮೇಲೆ ಆಫ್ ಮಾಡಿ.

ಹಂತ 2: ಕಾಲ ಕೆಳಗೆ ನೋಡಿ

ಏನನ್ನೂ ಮುಟ್ಟುವ ಮೊದಲು ಪೆಡಲ್ ಮತ್ತು ಮ್ಯಾಟಿನ ಫೋಟೊ ತೆಗೆಯಿರಿ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 38 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದ್ದು ಮ್ಯಾಟ್ ಕಾರಣಕ್ಕೆ. ಆಕ್ಸಿಲರೇಟರ್ ಪೆಡಲ್ ಅದರಲ್ಲಿ ಸಿಕ್ಕಿಕೊಳ್ಳುವ ಅಪಾಯವಿತ್ತು. ಆಮೇಲೆ ನಾಸಾ ಎಂಜಿನಿಯರುಗಳು ಆ ಕಾರುಗಳ ಎಲೆಕ್ಟ್ರಾನಿಕ್ಸ್ ಕೂಡ ಪರೀಕ್ಷಿಸಿದರು. ಕಾರು ಹಾಗೆ ನುಗ್ಗಲು ಅಲ್ಲಿ ಕಾರಣ ಸಿಗಲಿಲ್ಲ ಅಂತ 2011ರಲ್ಲಿ ವರದಿ ಬಂತು.

ಆದ್ದರಿಂದ ಖಂಡಿತವಾಗಿ ಹೇಳುತ್ತೇನೆ: ಡ್ರೈವರ್ ಕಡೆ ಒಂದೇ ಮ್ಯಾಟ್ ಇರಲಿ. ಅದೂ ಕಂಪನಿಯದ್ದು, ಕೊಕ್ಕೆ ಹಾಕಿದ್ದು. ಆಕ್ಸೆಸರಿ ಅಂಗಡಿಯ ದಪ್ಪ 7ಡಿ ಮ್ಯಾಟ್ ಡ್ರೈವರ್ ಕಡೆ ಬೇಡವೇ ಬೇಡ. ಪಿಕಪ್ ಹೆಚ್ಚಿಸುತ್ತೇವೆ ಅಂತ ಆಕ್ಸಿಲರೇಟರಿಗೆ ಜೋಡಿಸುವ ಸಣ್ಣ ಡಬ್ಬಿ, ಹೊರಗಡೆ ಹಾಕಿಸುವ ಅಗ್ಗದ ಕ್ರೂಸ್ ಕಿಟ್, ಇವೂ ಬೇಡ. ಅವು ಇದ್ದರೆ ಕಂಪನಿ ಮೊದಲು ಬೆರಳು ತೋರಿಸುವುದು ಅವುಗಳ ಕಡೆಗೇ.

ಹಂತ 3: ಅದೇ ದಿನ ದಿನಾಂಕ, ಸಮಯ, ಜಾಗ, ವೇಗ, ಓಡಿದ ಕಿಲೋಮೀಟರ್ ಬರೆದಿಡಿ.

ಹಂತ 4: ಜಾಬ್ ಕಾರ್ಡ್

ಜನ ಸೋಲುವುದು ಇಲ್ಲಿ. ಕೌಂಟರಿನಲ್ಲಿ ಕೂತವರ ಹತ್ತಿರ "ಸೆನ್ಸರ್ ಹೋಗಿದೆ ನೋಡಿ" ಅನ್ನುತ್ತೇವೆ. ಅವರು ಸೆನ್ಸರ್ ನೋಡಿ, ಸರಿ ಇದೆ ಅಂತ ಬರೆದು ಕಳಿಸುತ್ತಾರೆ. ಏನು ಕೆಟ್ಟಿದೆ ಅಂತ ಹುಡುಕುವುದು ಅವರ ಕೆಲಸ. ಏನು ನಡೆಯಿತು ಅನ್ನುವುದನ್ನಷ್ಟೇ ನೀವು ಹೇಳಿ. ಭಾವನ ನಾಲ್ಕನೇ ಭೇಟಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು: "ಕ್ರೂಸ್ 90ರಲ್ಲಿ ಇತ್ತು. ಬ್ರೇಕ್ ಒತ್ತಿದಾಗ ಕ್ರೂಸ್ ಬಿಡಲಿಲ್ಲ. ಕಾಲು ತೆಗೆದಾಗ ಕಾರು ತಾನಾಗಿಯೇ ವೇಗ ಹೆಚ್ಚಿಸಿತು. ಇದುವರೆಗೆ ನಾಲ್ಕು ಬಾರಿ ಆಗಿದೆ."

ಸಾಮಾನ್ಯವಾಗಿ ಜಾಬ್ ಕಾರ್ಡಿನಲ್ಲಿ ಕಸ್ಟಮರ್ ವಾಯ್ಸ್ ಅಂತ ಒಂದು ಜಾಗ ಇರುತ್ತದೆ. ನಿಮ್ಮ ಮಾತು ಅಲ್ಲಿ ಹಾಗೆಯೇ ಬರಬೇಕು. ಅವರು ಚುಟುಕಾಗಿ "ಪಿಕಪ್ ಕಂಪ್ಲೇಂಟ್" ಅಂತ ಟೈಪ್ ಮಾಡಿ ಸಹಿ ಕೇಳುತ್ತಾರೆ. ಸುಮ್ನೆ ಸಹಿ ಹಾಕಬೇಡಿ. ಓದಿಸಿ ಕೇಳಿ. ಸಿಸ್ಟಮ್ಮಿನಲ್ಲಿ ಅಷ್ಟು ಉದ್ದ ಹಿಡಿಯುವುದಿಲ್ಲ ಅಂದರೆ ಪ್ರಿಂಟ್ ತೆಗೆಸಿ, ಅದರ ಮೇಲೆ ಪೆನ್ನಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಆಮೇಲೆ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಮುಂದಿನದು ಸ್ಕ್ಯಾನ್. ಕಾರಿನ ಕಂಪ್ಯೂಟರ್ ದೋಷದ ಕೋಡ್ ಹಿಡಿದಿಟ್ಟಿದ್ದರೆ, ಹೆಚ್ಚಾಗಿ ಆ ಹೊತ್ತಿನ ವೇಗ, ಎಂಜಿನ್ ಎಷ್ಟು ಸುತ್ತುತ್ತಿತ್ತು ಅನ್ನುವುದೂ ಜೊತೆಗೇ ಇರುತ್ತದೆ. ಮೆಕ್ಯಾನಿಕ್ ಕೋಡ್ ಅಳಿಸಿದರೆ ಅದೆಲ್ಲ ಹೋಯಿತು. ಅಳಿಸುವ ಮೊದಲೇ ಪ್ರಿಂಟ್ ಕೇಳಿ. ಕೊಡದಿದ್ದರೆ ಪರದೆಯ ಫೋಟೊ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸ್ಕ್ಯಾನರ್ ಹಾಕಿ ಮನೆಯಲ್ಲೇ ಕೋಡ್ ಅಳಿಸುವವರಿದ್ದಾರೆ. ಬ್ಯಾಟರಿ ತಂತಿ ಬಿಚ್ಚಿ ಹಾಕುವವರೂ ಇದ್ದಾರೆ. ಇದ್ದ ಸಾಕ್ಷಿಯನ್ನು ನಾವೇ ಕಳೆದುಕೊಂಡ ಹಾಗಾಯಿತು, ಅಲ್ವಾ?

ಟೆಸ್ಟ್ ಡ್ರೈವಿಗೆ ನೀವೂ ಕೂತು ಹೋಗಿ. ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಸರಿ ಇದೆ ಅಂದರೆ ಒಪ್ಪಬೇಡಿ. ಸಾಧಾರಣ ಕ್ರೂಸ್ 30-40ರ ಕೆಳಗೆ ಹಿಡಿಯುವುದೇ ಇಲ್ಲ. ಹೆಬ್ಬಾಳು ಟೋಲ್ ಕಡೆಗೆ, ಹೆದ್ದಾರಿಯಲ್ಲೇ ನೋಡಬೇಕು.

ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ರಾತ್ರಿ ಕಾರಿನ ಹಿಂಭಾಗ ಗೋಡೆಗೆ ಬರುವಂತೆ ನಿಲ್ಲಿಸಿ, ಹೆಡ್‌ಲೈಟ್ ಆಫ್ ಮಾಡಿ, ಬ್ರೇಕ್ ಒತ್ತಿ. ಕನ್ನಡಿಯಲ್ಲಿ ಗೋಡೆ ಕೆಂಪಾಗುವುದು ಕಾಣಬೇಕು. ಬಹಳ ಕಾರುಗಳಲ್ಲಿ ಬ್ರೇಕ್ ಲೈಟ್ ಹೊತ್ತಿಸುವ ಸ್ವಿಚ್ಚೇ ಕ್ರೂಸ್ ಬಿಡಿಸುವ ಸುದ್ದಿಯನ್ನೂ ಕೊಡುತ್ತದೆ. ಭಾವನ ಕಾರಿನಲ್ಲಿ ಗೋಡೆ ಒಮ್ಮೆ ಕೆಂಪಾಯಿತು, ಒಮ್ಮೆ ಆಗಲಿಲ್ಲ. ಅದರ ವಿಡಿಯೊ ಇಟ್ಟುಕೊಂಡೇ ನಾಲ್ಕನೇ ಸಲ ಹೋದದ್ದು. ಅವತ್ತೇ ಸ್ವಿಚ್ ಬದಲಾಯಿತು.

ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಕಂಪನಿಯೇ ಇಟ್ಟುಕೊಳ್ಳುತ್ತದೆ ಅಂದರೆ, ಅದರ ನಂಬರ್ ಕಾಣುವ ಹಾಗೆ ಫೋಟೊ ಸಾಕು. ಕಾರಣ ಸಿಗದೆ ಕಾರು ಮರಳಿಸಿದರೆ, ತೃಪ್ತಿಯಾಗಿದೆ ಅನ್ನುವ ಚೀಟಿಯ ಮೇಲೆ "ಕಾರಣ ಸಿಕ್ಕಿಲ್ಲ" ಅಂತ ಬರೆದೇ ಸಹಿ ಹಾಕಿ.

ಹಂತ 5: ಕಂಪನಿಗೆ ಇಮೇಲ್ ಮಾಡಿ, ಜಾಬ್ ಕಾರ್ಡುಗಳನ್ನು ಲಗತ್ತಿಸಿ, 15 ದಿನ ಕಾಯಿರಿ. ಫೋನ್ ಮಾತನ್ನು ನಂಬಬೇಡಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ.

ಹಂತ 6: ಎಲ್ಲರಿಗಾಗಿ ಒಂದು ದೂರು

ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವ ನಿಯಮ ನಮ್ಮಲ್ಲಿ 2021ರ ಏಪ್ರಿಲ್ 1ರಿಂದ ಇದೆ. ಏಳು ವರ್ಷದ ಒಳಗಿನ ಗಾಡಿಯಾದರೆ ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಬಹುದು. ಚಾಸಿ ನಂಬರ್ ಹತ್ತಿರ ಇರಲಿ. ಇದರಿಂದ ನಿಮಗೆ ಹಣ ಬರುವುದಿಲ್ಲ. ಆದರೆ ಒಂದೇ ಮಾದರಿಯ ಮೇಲೆ ದೂರುಗಳು ಸೇರುತ್ತಾ ಹೋದರೆ ಸರಕಾರ ತನಿಖೆಗೆ ಇಳಿಯಬಹುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ದೂರಿನ ಪಟ್ಟಿಯಲ್ಲಿ ವೇಗ ನಿಯಂತ್ರಣಕ್ಕೇ ಒಂದು ಬೇರೆ ವಿಭಾಗವಿದೆ. ಅಲ್ಲಿ ಯಾವ ಕಾರಿನ ಮೇಲೆ ಯಾರು ಏನು ಬರೆದಿದ್ದಾರೆ ಅಂತ ಯಾರು ಬೇಕಾದರೂ ಓದಬಹುದು.

ಹಂತ 7: ಜಿಲ್ಲಾ ಗ್ರಾಹಕರ ಆಯೋಗ

ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಆಯೋಗ ಇದೆ. ಕೊಟ್ಟ ಬೆಲೆ 50 ಲಕ್ಷದ ಒಳಗಿರಬೇಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ದೋಷ ಇದೆಯೋ ಇಲ್ಲವೋ ಅನ್ನುವ ಜಗಳ ಬಂದರೆ ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆ ಖರ್ಚನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ. ಅವಧಿ ಎರಡು ವರ್ಷ. ತೊಂದರೆ ಮೊದಲು ಕಂಡ ದಿನದಿಂದಲೇ ಎಣಿಸಿಕೊಳ್ಳಿ.

ಲಾರಿ, ಟ್ಯಾಕ್ಸಿಯವರು ನಮಗೆ ಇದು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಕೊಂಡ ಗಾಡಿಯಾದರೆ ನೀವೂ ಗ್ರಾಹಕರೇ. ಹೆಚ್ಚಿನ ಸಾರಿಗೆ ವಾಹನಗಳಿಗೆ 80ಕ್ಕೆ, ಡಂಪರ್, ಟ್ಯಾಂಕರ್, ಶಾಲಾ ಬಸ್ಸಿಗೆ 60ಕ್ಕೆ ಕಟ್ಟಿದ ಸ್ಪೀಡ್ ಗವರ್ನರ್, ಅಂದರೆ ಗಾಡಿ ಆ ವೇಗ ಮೀರದಂತೆ ತಡೆಯುವ ಸಾಧನ, ಇರಬೇಕು. ಭೀಮಸಮುದ್ರದ ಕಡೆ ಅದಿರು ಹೊರುವವರೊಬ್ಬರು ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಗವರ್ನರಿನದ್ದೇ ದೋಷ ಅಂತ ಬಂದಿದ್ದರು. ಅವರ ದೂರು ನಿಜವೇ ಇರಬಹುದಿತ್ತು. ಆದರೆ ಅಷ್ಟರಲ್ಲಿ ಸೀಲ್ ಒಡೆಸಿ ತಂತಿ ಕತ್ತರಿಸಿಬಿಟ್ಟಿದ್ದರು. ಗವರ್ನರ್ ಕೈಕೊಟ್ಟರೆ ಸೀಲ್ ಮುಟ್ಟದೆ, ಹಾಕಿಸಿದಾಗ ಕೊಟ್ಟ ಸರ್ಟಿಫಿಕೇಟ್ ಹಿಡಿದು ಹಾಕಿಕೊಟ್ಟವರ ಹತ್ತಿರವೇ ಹೋಗಿ. ಅಲ್ಲೂ ಮೊದಲು ಕೇಳಬೇಕಾದದ್ದು ಜಾಬ್ ಕಾರ್ಡ್.