ಸೀಸನ್‌ಗೆ ಮೊದಲೇ ಸ್ಕೀಯಿಂಗ್ ಕಲಿಯೋಕೆ ಹೊರಟ ಬೆಳಗಾವಿಯವರಿಗೆ

ಬೆಳಗಾವಿಯಲ್ಲಿ ಚಳಿ ಬೀಳುತ್ತಿದ್ದ ಹಾಗೆ ಗೆಳೆಯರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, ಸ್ಕೀಯಿಂಗ್ ಕಲಿಯೋಕೆ ಗುಲ್ಮಾರ್ಗ್‌ಗೆ ಯಾವಾಗ ಹೋಗೋದು ಅಂತ. ಜನವರಿ, ಫೆಬ್ರವರಿಯಲ್ಲಿ ಹಿಮ ಜಾಸ್ತಿ, ಜನವೂ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡಿಸೆಂಬರ್ ಮಧ್ಯ, ಕ್ರಿಸ್‌ಮಸ್ ಗದ್ದಲಕ್ಕಿಂತ ಮುಂಚೆ. ಆಗ ಕಲಿಸುವವರಿಗೆ ಬಿಡುವಿರುತ್ತದೆ, ಇಡೀ ದಿನ ನಿಮ್ಮ ಪಕ್ಕದಲ್ಲೇ ನಿಂತು ತಿದ್ದುತ್ತಾರೆ. ಆದರೆ ಒಂದು ಮಾತು ಒಪ್ಪಿಕೊಂಡೇ ಹೊರಡಿ. ಆಗ ಸಿಗುವುದು ಚಿಕ್ಕ ಇಳಿಜಾರು, ತೆಳು ಹಿಮ. ಮೇಲಿನ ಬೆಟ್ಟದ ಆಸೆಯನ್ನು ಆ ಸಲಕ್ಕೆ ಬಿಡಬೇಕು.

ದಿನಾಂಕ ಗಟ್ಟಿ ಮಾಡಬೇಡಿ. ಕಾಶ್ಮೀರದವರು ಕಡು ಚಳಿಯ 40 ದಿನಗಳಿಗೆ ಚಿಲ್ಲೈ ಕಲಾನ್ ಅಂತಾರೆ, ಅದು ಶುರುವಾಗೋದೇ ಡಿಸೆಂಬರ್ 21ಕ್ಕೆ. ಅದಕ್ಕೂ ಮೊದಲು ಹಿಮ ಬೀಳಬೇಕಾದರೆ ಪಶ್ಚಿಮದಿಂದ ಮೋಡ ಬರಬೇಕು. ಬಂದರೆ ಬೆಳಗಾಗುವುದರಲ್ಲಿ ಎಲ್ಲಾ ಬಿಳಿ, ಬರದಿದ್ದರೆ ಒಣ ಹುಲ್ಲು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಮುಂದೂಡಿದರು, ಇನ್ನು ಡಿಸೆಂಬರ್ ಕಥೆ ಏನು ಹೇಳೋದು. ಅದಕ್ಕೇ ದುಡ್ಡು ವಾಪಸ್ ಸಿಗುವಂಥ ರೂಮನ್ನೇ ಹಿಡಿಯಿರಿ. ಹೊರಡುವ ಎರಡು ದಿನ ಮೊದಲು ಕಲಿಸುವವರಿಗೆ ಫೋನ್ ಮಾಡಿ, ಇವತ್ತು ತೆಗೆದ ಫೋಟೋ ಕಳಿಸಿ ಅಂತ ಕೇಳಿ.

ದಿಲ್ಲಿ ಮೇಲೆ ಶ್ರೀನಗರ ಮುಟ್ಟಿದರೆ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಹಿಮ ಬಿದ್ದಿದ್ದರೆ ತಂಗ್‌ಮಾರ್ಗ್‌ನಲ್ಲಿ ಟೈರಿಗೆ ಚೈನ್ ಕಟ್ಟಿದ ಗಾಡಿಗೆ ಬದಲಾಯಿಸಬೇಕಾಗುತ್ತದೆ, ಅದಕ್ಕೆ ಬೇರೆ ದುಡ್ಡು ಇಟ್ಟುಕೊಂಡಿರಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಇದ್ದವರೊಬ್ಬರು ಜೊತೆಗಿರಲಿ.

ಮೈ ತಯಾರಿ ಊರಲ್ಲೇ ಆಗಬೇಕು, ಕನಿಷ್ಠ ಆರು ವಾರ. ಯಳ್ಳೂರಿನ ರಾಜಹಂಸಗಡ ಇದೆಯಲ್ಲ, ವಾರಕ್ಕೆ ಎರಡು ಸಲ ಹತ್ತಿ ಇಳಿಯಿರಿ. ಇಳಿಯುವಾಗ ಅವಸರ ಬೇಡ, ಮೊಣಕಾಲು ಸ್ವಲ್ಪ ಮಡಚಿಕೊಂಡೇ ನಿಧಾನ ಇಳಿಯಿರಿ, ಯಾಕೆಂದರೆ ಸ್ಕೀಯಲ್ಲಿ ತೊಡೆಗಳು ಇಡೀ ದಿನ ಮಾಡುವ ಕೆಲಸ ಅದೇ. ಮನೆಯಲ್ಲಿ ಸ್ಕೇಟಿಂಗ್ ಕಲಿತ ಮಕ್ಕಳಿದ್ದರೆ ಅವರ ಜೊತೆ ನೀವೂ ಚಕ್ರ ಕಟ್ಟಿಕೊಳ್ಳಿ. ನನ್ನ ಅಣ್ಣನ ಮಗಳು ಅಲ್ಲಿಗೆ ಬಂದ ಎರಡನೇ ದಿನವೇ ತಿರುವು ತೆಗೆದುಕೊಳ್ಳುತ್ತಿದ್ದಳು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸೋದು ಅವಳಿಗೆ ಮೊದಲೇ ರೂಢಿ. ಇನ್ನೊಂದು ಮಾತು, ಗುಲ್ಮಾರ್ಗ್ ಇರುವುದು 2,650 ಮೀಟರ್ ಎತ್ತರದಲ್ಲಿ, ನಮ್ಮೂರು 750ರ ಆಸುಪಾಸು. ಮೊದಲ ದಿನ ಸುಮ್ನೆ ಓಡಾಡಿ, ನೀರು ಕುಡಿಯಿರಿ, ಬೇಗ ಮಲಗಿ.

ಜೀನ್ಸ್, ಹತ್ತಿ ಬನಿಯನ್ ಬಿಟ್ಟು ಹೋಗಿ. ಒದ್ದೆಯಾದರೆ ಒಣಗೋದಿಲ್ಲ. ಜಾಕೆಟ್, ಪ್ಯಾಂಟು, ಸ್ಕೀ ಎಲ್ಲಾ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಆದರೆ ಬೂಟಿಗೆ ಅರ್ಧ ಗಂಟೆ ಕೊಡಿ, ದಯವಿಟ್ಟು. ಅಂಗಡಿಯವರು ಅವಸರ ಮಾಡಿದರೂ ಕೇಳಬೇಡಿ. ಒಂದೇ ಒಂದು ಉಣ್ಣೆ ಸಾಕ್ಸ್ ಹಾಕಿ, ಎರಡು ಹಾಕಿದರೆ ರಕ್ತ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಬಕಲ್ ಬಿಗಿದು ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಕಬೇಕು. ಮೊಣಕಾಲು ಮಡಚಿ ಮುಂದೆ ಬಾಗಿದರೆ ಬೆರಳು ಒಂಚೂರು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೆ ಏಳಬಾರದು. ಎದ್ದರೆ ಚಿಕ್ಕ ಸೈಜು ಕೇಳಿ. ಸ್ಕೀಗೆ ಬೂಟನ್ನು ಹಿಡಿದಿಡುವ ಬೈಂಡಿಂಗ್ ನಿಮ್ಮ ತೂಕಕ್ಕೆ ಹೊಂದಿಸಿದ್ದಾರಾ ಅಂತಲೂ ಕೇಳಿ, ಬಿದ್ದಾಗ ಅದು ಬಿಚ್ಚಿಕೊಳ್ಳದಿದ್ದರೆ ಮೊಣಕಾಲು ತಿರುಚುತ್ತದೆ. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟುವ ಸ್ನೋಬೋರ್ಡ್‌ನಲ್ಲಿ ಅದು ಬಿಚ್ಚಿಕೊಳ್ಳೋದೇ ಇಲ್ಲ, ಅಲ್ಲಿ ಪೆಟ್ಟು ಬೀಳೋದು ಮಣಿಕಟ್ಟಿಗೆ, ಹಾಗಾಗಿ ಮಣಿಕಟ್ಟಿನ ಗಾರ್ಡ್ ಬೇಕೇ ಬೇಕು. ಹೆಲ್ಮೆಟ್ ಮಾತ್ರ ಸ್ಕೀಯವರಿಗೂ ಬೇಕು, ಸ್ನೋಬೋರ್ಡಿನವರಿಗೂ ಬೇಕು.

ಈಗ ಹಿಮದ ವಿಷಯ. ಒಂದು ಅಡಿ ಹೊಸ ಹಿಮ ನೋಡೋಕೆ ಹಾಸಿಗೆ ಥರ ಇರುತ್ತದೆ, ತುಳಿದರೆ ಕೆಲವೇ ಇಂಚು. ಅದರ ಕೆಳಗೆ ಏನಿದೆ ಅನ್ನೋದೇ ಮುಖ್ಯ. ಗಾಲ್ಫ್ ಮೈದಾನದ ಕಡೆಯ ಇಳಿಜಾರುಗಳಲ್ಲಿ ಕೆಳಗೆ ಹುಲ್ಲು, ತೆಳು ಹಿಮವೂ ನಡೆಯುತ್ತದೆ. ಮರಗಳ ನಡುವೆ, ಮೇಲಿನ ಬೆಟ್ಟದಲ್ಲಿ ಕಲ್ಲು, ಕೊರಡು. ನನ್ನ ಎರಡನೇ ಸಲ ಕಲಿಸುವವರು ಹಾಕಿದ ದಾರಿ ಬಿಟ್ಟು ನಾನು ಮರಗಳ ಕಡೆ ಹತ್ತು ಮಾರು ಹೋದೆ. ಕರ್ ಅಂತ ಒಂದು ಸದ್ದು, ಬಲಗಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಬೈಂಡಿಂಗ್ ಬಿಚ್ಚಿಕೊಂಡಿದ್ದಕ್ಕೆ ಕಾಲು ಉಳಿಯಿತು, ಆದರೂ ಮೂರು ವಾರ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಸ್ಕೀ ತಿರುಗಿಸಿ ನೋಡಿದರೆ ತಳದಲ್ಲಿ ಗೇಣುದ್ದ ಗೀರು, ಬೆರಳಿಟ್ಟರೆ ಉಗುರು ಒಳಗೆ ಹೋಗುವಷ್ಟು ಆಳ. ಅವತ್ತಿನಿಂದ ಕೈಯಲ್ಲಿರುವ ಸ್ಕೀ ಕೋಲನ್ನು ತಲೆಕೆಳಗು ಹಿಡಿದು ಹಿಮಕ್ಕೆ ಚುಚ್ಚಿ ನೋಡದೆ ಹೊಸ ಜಾಗಕ್ಕೆ ಇಳಿದಿಲ್ಲ. ಟಕ್ ಅಂದರೆ ಕಲ್ಲು, ಮೆತ್ತಗೆ ನಿಂತರೆ ಹುಲ್ಲು. ಹಿಮದ ಮೇಲೆ ಕಾರಣವಿಲ್ಲದೆ ಸಣ್ಣ ದಿಬ್ಬದಂತೆ ಉಬ್ಬಿದ್ದರೆ ಸುತ್ತಿ ಹೋಗಿ. ಬಾಡಿಗೆ ಅಂಗಡಿಯಲ್ಲಿ ಹಳೇ ಸ್ಕೀಯನ್ನೇ ಕೇಳಿ, ಮೊದಲೇ ಇದ್ದ ಗೀರುಗಳ ಫೋಟೋ ಅವರೆದುರೇ ತೆಗೆದಿಟ್ಟುಕೊಳ್ಳಿ.

ಮೊದಲ ಎರಡು ದಿನ ಸ್ಕೀಗಳ ಮುಂಭಾಗ ಹತ್ತಿರ, ಹಿಂಭಾಗ ಅಗಲ ಮಾಡಿ ನಿಲ್ಲೋದು, ಅಷ್ಟೇ ಕಲಿಯಿರಿ. ಬೀಳೋದಾದರೆ ಪಕ್ಕಕ್ಕೆ, ಗುಡ್ಡದ ಕಡೆಗೆ ಬೀಳಿ. ಊರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರೆ ಮಧ್ಯಾಹ್ನಕ್ಕೆ ಮೈದಾನದಲ್ಲೇ ತಿನ್ನಬಹುದು, ದಣಿದ ಮೇಲೆ ಅದರ ರುಚಿಯೇ ಬೇರೆ.

ಬೆಟ್ಟದ ಮೇಲಕ್ಕೆ ಹೋಗುವ ಕೇಬಲ್ ಕಾರು, ಅಂದರೆ ಗೊಂಡೋಲಾ, ನಡೆಯುತ್ತಿರುತ್ತದೆ, ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ನೋಡೋಕೆ ಖಂಡಿತ ಹೋಗಿ. ಆದರೆ ಮೇಲಿನ ಬೆಟ್ಟ ಅಫರ್‌ವಟ್‌ನಿಂದ ಸ್ಕೀ ಹಾಕಿ ಇಳಿಯುವ ಯೋಚನೆ ಬೇಡ. ನವೆಂಬರ್‌ನಲ್ಲಿ ಬಿದ್ದ ಮೊದಲ ಹಿಮ ನೆರಳಿನ ಇಳಿಜಾರಲ್ಲಿ ಉಳಿದು, ಚಳಿ ರಾತ್ರಿಗಳಲ್ಲಿ ಸಕ್ಕರೆಯಂತೆ ಹರಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟೋದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಅದರ ಮೇಲೆ ಹೊಸ ಹಿಮದ ಭಾರ ಬಿದ್ದರೆ ಇಡೀ ಪದರವೇ ಜಾರುತ್ತದೆ. 2023ರ ಫೆಬ್ರವರಿಯಲ್ಲಿ ಅಫರ್‌ವಟ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ರಾತ್ರಿ ಚೆನ್ನಾಗಿ ಹಿಮ ಬಿದ್ದು ಬೆಳಗ್ಗೆ ಬಿಸಿಲು ಬಂದರೆ ಮೇಲಿನ ಬೆಟ್ಟ ಕರೆಯುತ್ತದೆ, ನನಗೂ ಕರೆದಿದೆ. ಆ ದಿನ ಗಾಲ್ಫ್ ಮೈದಾನಕ್ಕೇ ಹೋಗಿ, ಹೊಸ ಹಿಮದಲ್ಲಿ ನಿಮ್ಮದೇ ಮೊದಲ ಗೆರೆ ಬೀಳುತ್ತದೆ.