ಕುಡಿಯದೆ ಗೋವಾಕ್ಕೆ ಹೋಗಿ ಬಂದೆ: ನನ್ನ ಅನುಭವ

ನಮ್ಮ ಹುಬ್ಬಳ್ಳಿ ಕಡೆ ಯಾರಾದರೂ ಗೋವಾಕ್ಕೆ ಹೊರಟರೆ ಯಾಕೆ ಅಂತ ಯಾರೂ ಕೇಳೋದಿಲ್ಲ. ಸಮುದ್ರ ಕಾರವಾರದಲ್ಲೂ ಇದೆ, ಗೋಕರ್ಣದಲ್ಲೂ ಇದೆ. ಗೋವಾದಲ್ಲಿ ತೆರಿಗೆ ಕಡಿಮೆ, ಎಣ್ಣೆ ಅಗ್ಗ. ನಾನು ಹನ್ನೆರಡು ವರ್ಷ ಹೋಗಿದ್ದು ಅದಕ್ಕೇ. ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ಮಣ್ಣು ಬಂದ ಕೂಡಲೇ ಮೊದಲು ಸಿಗುವ ಅಂಗಡಿ ಮುಂದೆ ಗಾಡಿ ನಿಲ್ಲಬೇಕು. ರಜೆ ಅಲ್ಲಿಂದ ಶುರು, ಮತ್ತೆ ಹೆಚ್ಚುಕಮ್ಮಿ ಅಲ್ಲೇ ಮುಗಿದ ಹಾಗೆ, ಯಾಕೆಂದರೆ ಆಮೇಲೆ ನಡೆದದ್ದು ನನಗೆ ಅರ್ಧ ನೆನಪಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಕುಡಿತ ಬಿಟ್ಟೆ. ಏಳು ತಿಂಗಳಾಗಿತ್ತು. 2023ರ ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಸೇರಿ ನಾಲ್ಕು ದಿನ ಗೋವಾ ಅಂತಾಯಿತು. ನಮ್ಮ ಮನೆಯವರು, ನನ್ನ ಹಳೇ ದೋಸ್ತ ಮತ್ತು ಅವನ ಮನೆಯವರು, ಜೊತೆಗೆ ಹೆಂಡತಿಯ ತಮ್ಮ. ಹೋದೆ, ಕುಡಿಯದೆ ಬಂದೆ. ಹೇಗೆ ಅಂತ ಬರೀತಿದ್ದೇನೆ. ಬಿಟ್ಟು ಇನ್ನೂ ವರ್ಷ ಆಗದವರು ರಜೆ ಬಂತು ಅಂದರೆ ಎಷ್ಟು ಹೆದರುತ್ತಾರೆ ಅಂತ ನನಗೆ ಗೊತ್ತು.

ನನ್ನ ಹೆದರಿಕೆಗೆ ಕಾರಣವೂ ಇತ್ತು. 2019ರಲ್ಲಿ ಒಮ್ಮೆ ಬಿಟ್ಟಿದ್ದೆ, ಮೂರು ತಿಂಗಳು. ಆಗ ದಾಂಡೇಲಿಗೆ ಹೋದೆವು. ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ಮಧ್ಯಾಹ್ನ ಊಟ, ನಿದ್ದೆ, ಸಂಜೆ ಹೋಮ್‌ಸ್ಟೇ ಅಂಗಳದಲ್ಲಿ ಬೆಂಕಿ ಹಾಕಿ ಕುರ್ಚಿ ಸುತ್ತ ಇಟ್ಟರು. ನಾನು ಏನೂ ತೀರ್ಮಾನ ಮಾಡಿಕೊಂಡು ಹೋಗಿರಲಿಲ್ಲ, "ಅಲ್ಲಿ ನೋಡ್ಕೊಳ್ಳೋಣ" ಅಂದುಕೊಂಡಿದ್ದೆ. ಯಾರೋ ಒಬ್ಬರು ತಣ್ಣಗಿನ ಬಿಯರ್ ಬಾಟಲಿ ಕೈಗೆ ಕೊಟ್ಟರು. ಒತ್ತಾಯ ಮಾಡಲಿಲ್ಲ, ಸುಮ್ನೆ ಕೊಟ್ಟರು. ನಾನೂ ಸುಮ್ನೆ ಇಸಕೊಂಡೆ. ಆ ಒಂದು ಬಿಯರ್‌ನಿಂದ ವಾಪಸ್ ಬರೋಕೆ ನನಗೆ ಮೂರು ವರ್ಷ ಬೇಕಾಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ದಿನಾ ಕುಡಿಯುವವರು "ರಜೆಗೆ ಹೋದಾಗ ಬಿಟ್ಟುಬಿಡ್ತೀನಿ" ಅಂತ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಬರೀ ಕೈ ನಡುಕ ಅಲ್ಲ, ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ನಾನು ಹತ್ತು ದಿನ ಆಸ್ಪತ್ರೆಯಲ್ಲಿದ್ದು, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ತಗೊಂಡು, ಡಾಕ್ಟರ್ ಕೈಕೆಳಗೆ ಬಿಟ್ಟವನು. ನಾನು ಹೇಳುತ್ತಿರುವುದು ಬಿಟ್ಟಾದ ಮೇಲಿನ ಮಾತು.

ಹೊರಡುವ ಹತ್ತು ದಿನ ಮೊದಲು ನನ್ನ ಸ್ಪಾನ್ಸರ್ ಹತ್ತಿರ ಹೋಗಿ ಕೂತೆ. ನಾನು ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಸಂಘ, ಅದರ ಮೀಟಿಂಗ್‌ಗೆ ಹೋಗುವವನು. ಸ್ಪಾನ್ಸರ್ ಅಂದರೆ ಅಲ್ಲಿ ಮೊದಲೇ ಕುಡಿತ ಬಿಟ್ಟು, ಹೊಸಬರಿಗೆ ಜೊತೆಯಾಗಿ ನಿಲ್ಲುವವರು. ನನ್ನ ಸ್ಪಾನ್ಸರ್ ರಿಟೈರ್ ಆದ ಹಿರಿಯರು, ನಾನು ಕಾಕಾ ಅಂತೀನಿ. ಹೋಗಲೋ ಬೇಡವೋ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಒಂದು ಕಥೆ ಹೇಳಿದರು. ಎ.ಎ. ಹುಟ್ಟಿದ್ದೇ ಊರು ಬಿಟ್ಟು ಬಂದ ಒಬ್ಬ ಮನುಷ್ಯನಿಂದ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ವ್ಯವಹಾರದ ಕೆಲಸಕ್ಕೆ ಅಮೆರಿಕದ ಅಕ್ರಾನ್‌ಗೆ ಬಂದಿದ್ದ. ಕುಡಿತ ಬಿಟ್ಟು ಐದು ತಿಂಗಳಷ್ಟೇ. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತಿದ್ದಾನೆ, ಒಂದು ಕಡೆ ಬಾರಿನ ಗದ್ದಲ ಕೇಳುತ್ತಿದೆ, ಇನ್ನೊಂದು ಕಡೆ ಫೋನ್ ಇದೆ. ಅವನು ಫೋನ್ ಕಡೆ ಹೋದ. ಚರ್ಚಿನವರಿಗೆಲ್ಲ ಫೋನ್ ಮಾಡಿ ಕುಡಿತದಲ್ಲಿ ಒದ್ದಾಡುತ್ತಿರುವ ಇನ್ನೊಬ್ಬ ಮನುಷ್ಯನ ಜೊತೆ ಮಾತಾಡಬೇಕು ಅಂತ ಕೇಳಿದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್. ಅವರಿಬ್ಬರಿಂದ ಶುರುವಾಯಿತು.

"ನೀನು ಎಲ್ಲಿಗೆ ಬೇಕಾದರ ಹೋಗು, ಫೋನ್ ಎಲ್ಲಿ ಐತಿ ಅನ್ನೋದು ಗೊತ್ತಿರ್ಲಿ" ಅಂದರು ಕಾಕಾ. ಮತ್ತೆ ಒಂದು ಮಾತು ಸೇರಿಸಿದರು. "ಸಂಜಿ ಐದರಿಂದ ಎಂಟರ ತನಕ ನಿನ್ನ ನೀನು ಕಾಯ್ಕೊ. ಉಳಿದದ್ದು ತಾನ ಆಕ್ಕೈತಿ."

ನಾಲ್ಕು ದಿನ ನಾನು ಮಾಡಿದ್ದೆಲ್ಲ ಈ ಮೂರು ಗಂಟೆಗಾಗಿಯೇ. ಬಿಟ್ಟಾದ ಮೇಲೆ ನನಗೆ ಇಡೀ ದಿನ ಕುಡಿಯಬೇಕು ಅಂತ ಅನ್ನಿಸೋದಿಲ್ಲ. ಹೊತ್ತು ಇಳಿಯುವಾಗ, ಬಿಸಿಲಲ್ಲಿ ಅಲೆದು ದಣಿದಿರುವಾಗ, ಹೊಟ್ಟೆ ಖಾಲಿ ಇರುವಾಗ, ಕೈಯಲ್ಲಿ ಕೆಲಸ ಇಲ್ಲದಿರುವಾಗ ಅನ್ನಿಸುತ್ತದೆ. ಮೀಟಿಂಗ್‌ನಲ್ಲಿ ಹೇಳುವ ನಾಲ್ಕು, ಹಸಿವು, ಸಿಟ್ಟು, ಒಂಟಿತನ, ದಣಿವು, ರಜೆಯ ದಿನ ಸಂಜೆ ಆರಕ್ಕೆ ಒಟ್ಟಿಗೇ ಬಂದು ಕೂರುತ್ತವೆ. ದಾಂಡೇಲಿಯಲ್ಲಿ ಆಗಿದ್ದೂ ಅದೇ ಅಂತ ಆಗ ಹೊಳೆಯಿತು.

ಹೊರಡುವ ಮೊದಲು ದೋಸ್ತನಿಗೂ ಭಾಮೈದನಿಗೂ ಬೇರೆ ಬೇರೆ ಫೋನ್ ಮಾಡಿದೆ. ಗುಂಪಿನಲ್ಲಿ ಹೇಳಲಿಲ್ಲ, ಅಲ್ಲಿ ಹೇಳಿದರೆ ಅದು ಚರ್ಚೆ ಆಗುತ್ತೆ. "ನಾನು ಕುಡಿಯೋದಿಲ್ಲ. ನೀವು ಕುಡಿದರೆ ನನಗೆ ಬೇಜಾರಿಲ್ಲ, ಆದರೆ ನಮ್ಮ ರೂಮಿನಲ್ಲಿ ಬಾಟಲಿ ಇಡಬೇಡಿ, ನನಗೆ ಸುರಿಯೋಕೆ ಹೇಳಬೇಡಿ" ಅಂದೆ. ಭಾಮೈದ ಕೂಡಲೇ ಹೂಂ ಅಂದ. ದೋಸ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಗೋವಾ ಯಾಕೋ?" ಅಂದ. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಮಕ್ಕಳು ಆಸೆ ಪಟ್ಟಿದ್ದಾರೆ ಅಂದೆ.

ಗೋವಾದ ಉತ್ತರಕ್ಕೆ ಹೋಗಲಿಲ್ಲ. ಬಾಗಾ, ಕಲಂಗೂಟ್‌ನ ಒಂದೊಂದು ಶ್ಯಾಕ್‌ನಲ್ಲೂ (ದಂಡೆ ಮೇಲಿನ ಗುಡಿಸಲು ಹೋಟೆಲು) ನನ್ನ ಹಳೇ ನೆನಪು ಕೂತಿದೆ. ದಕ್ಷಿಣದಲ್ಲಿ ಅಗೊಂದಾ ಆರಿಸಿದೆವು. ಅಲ್ಲಿ ಕಡಲಾಮೆಗಳು ಮೊಟ್ಟೆ ಇಡುವ ದಂಡೆ ಇದೆ, ಗದ್ದಲ ಕಡಿಮೆ. ರೂಮಿನಲ್ಲಿ ಅಡುಗೆ ಮಾಡಲು ಒಂದು ಮೂಲೆ ಇದೆಯಾ ಅಂತ ಕೇಳಿಯೇ ಬುಕ್ ಮಾಡಿದೆ, ಚಹಾ ನಾನೇ ಮಾಡಿಕೊಳ್ಳಬೇಕು ಅಂತ. ನಮ್ಮ ಗಾಡಿ ಬೇರೆ ತಗೊಂಡೆ. ಖರ್ಚು ಜಾಸ್ತಿ ಆಯಿತು, ಆದರೆ ಎದ್ದು ಹೋಗಬೇಕು ಅನ್ನಿಸಿದಾಗ ಇನ್ನೊಬ್ಬರ ಕೀಲಿಗೆ ಕಾಯುವ ಹಾಗಿರಬಾರದು ಅಲ್ವಾ.

ಮೊದಲ ಸಂಜೆ ಸುಲಭವಾಗಿ ಕಳೆಯಿತು. ನಾಲ್ಕೂವರೆಗೇ ಮಕ್ಕಳಿಗೆ ಅವಲಕ್ಕಿ ಕಲಸಿದೆ, ನಾನೂ ಹೊಟ್ಟೆ ತುಂಬ ತಿಂದೆ. ಐದಕ್ಕೆ ನೀರಿಗಿಳಿದೆವು. ಕತ್ತಲಾಗುವ ತನಕ ನಾನು ದಂಡೆಗೆ ಬರಲೇ ಇಲ್ಲ. ಶ್ಯಾಕ್‌ಗೆ ಹೋಗಿ ಕೂತ ಕೂಡಲೇ, ಬೇರೆಯವರು ಮೆನು ತೆಗೆಯುವ ಮೊದಲೇ, ಕೋಕಂ ಸೋಡಾ ಹೇಳಿದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕೈಯಲ್ಲಿ ಗ್ಲಾಸ್ ಇದ್ದವನಿಗೆ ಯಾರೂ ಏನೂ ಕೊಡೋದಿಲ್ಲ. ಖಾಲಿ ಕೈಯವನನ್ನೇ ಎಲ್ಲರೂ ವಿಚಾರಿಸೋದು. ವೇಟರ್ ಆಲ್ಕೋಹಾಲ್ ಇಲ್ಲದ ಬಿಯರ್ ಇದೆ ಅಂದ, ಬೇಡ ಅಂದೆ. ಅದು ಬೇರೆಯವರಿಗೆ ಸರಿ ಹೋಗಬಹುದು. ನನಗೆ ಆ ವಾಸನೆ, ಆ ನೊರೆ, ಆ ಬಾಟಲಿ ಹಿಡಿಯುವ ರೀತಿ, ಇವೆಲ್ಲ ಹಳೇ ಮನೆಯ ಬಾಗಿಲು.

ಎರಡನೇ ದಿನ ಕಷ್ಟ ಆಯಿತು. ಏಪ್ರಿಲ್ ಅಂದರೆ ಗೋವಾದಲ್ಲಿ ಗೇರುಹಣ್ಣಿನ ಕಾಲ. ಹಣ್ಣು ತುಳಿದು, ರಸ ಹುಳಿಯಲು ಬಿಟ್ಟು, ಮೊದಲ ಸಲ ಬಟ್ಟಿ ಇಳಿಸಿದ್ದು ಉರ್ರಾಕ್, ಅದನ್ನೇ ಮತ್ತೆ ಇಳಿಸಿದರೆ ಫೆನ್ನಿ. ಫೆನ್ನಿ ವರ್ಷಪೂರ್ತಿ ಸಿಗುತ್ತೆ, ಉರ್ರಾಕ್ ಈ ಎರಡು ಮೂರು ತಿಂಗಳು ಮಾತ್ರ. ದೋಸ್ತ ಎಲ್ಲಿಂದಲೋ ತಂದಿದ್ದ. ಅದಕ್ಕೆ ಲಿಮ್ಕಾ ಹಾಕಿ, ನಿಂಬೆ ಹಿಂಡಿ, ಹಸಿಮೆಣಸಿನಕಾಯಿ ಸೀಳಿ ಬಿಟ್ಟಿದ್ದ. ಮೆಣಸಿನಕಾಯಿ ಗ್ಲಾಸಿನಲ್ಲಿ ನಿಧಾನಕ್ಕೆ ತಿರುಗುತ್ತಿತ್ತು. ಹಣ್ಣಿನ ಘಾಟು ಮೂಗಿಗೆ ಬಡಿದ ಕೂಡಲೇ ಬಾಯಲ್ಲಿ ನೀರೂರಿತು, ಸುಳ್ಳು ಹೇಳೋದಿಲ್ಲ.

"ಇದು ಎಣ್ಣಿ ಅಲ್ಲೋ, ಹಣ್ಣಿನ ರಸ ಇದ್ದಂಗ. ವರ್ಷಕ್ಕ ಒಮ್ಮೆ ಸಿಗೂದು. ನಾಲಿಗಿಗೆ ಮುಟ್ಟಸು ಸಾಕು" ಅಂದ. ಅವನು ಕೆಟ್ಟವನಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಹೊರಗೆ ಬೆಂಚಿನ ಮೇಲೆ ಮಲಗಿದವನು ಅವನೇ. ಅವನಿಗೆ ನನ್ನ ಜೊತೆ ಕುಡಿಯುವ ಖುಷಿ ಬೇಕಾಗಿತ್ತು, ಅಷ್ಟೇ. ಅದಕ್ಕೇ ಬೇಡ ಅನ್ನೋದು ಕಷ್ಟ. ಗೊತ್ತಿಲ್ಲದವರಿಗೆ ಬೇಡ ಅನ್ನಬಹುದು.

ಬೇಡ ಅಂದೆ. ಕಾರಣ ಹೇಳಲಿಲ್ಲ. ಮೊದಲೆಲ್ಲ ಮಾತ್ರೆ ನಡೀತಿದೆ, ಲಿವರ್ ತೊಂದರೆ, ವ್ರತ ಅಂತೆಲ್ಲ ಹೇಳುತ್ತಿದ್ದೆ. ಕಾರಣ ಕೊಟ್ಟರೆ ಎದುರಿನವರು ಕಾರಣವನ್ನೇ ಹಿಡಿದು ವಾದ ಮಾಡುತ್ತಾರೆ, ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಕೇಳುತ್ತಾರೆ. "ಬೇಡಪ್ಪಾ, ನಾನು ಕುಡಿಯೋದಿಲ್ಲ" ಅಂದರೆ ಹಿಡಿಯೋಕೆ ಅಲ್ಲಿ ಏನೂ ಇರೋದಿಲ್ಲ.

ಆದರೆ ಬಾಯಿ ಬೇಡ ಅಂದರೂ ಮೈ ಕೇಳಲಿಲ್ಲ. ಎದ್ದು ನೀರಿನ ಅಂಚಿಗೆ ಹೋದೆ. ಗಡಿಯಾರ ನೋಡಿದೆ, ಆರು ಇಪ್ಪತ್ತು. ಸೆಳೆತ ಅಲೆಯ ಹಾಗೆ, ಏರುತ್ತೆ, ಇಳಿಯುತ್ತೆ, ಇಳಿಯುವ ತನಕ ಏನೂ ಮಾಡದೆ ಇದ್ದರೆ ಸಾಕು ಅಂತ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಕಾಕಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆ ಎರಡು ನಿಮಿಷ ನನಗೆ ಬಹಳ ಕೆಟ್ಟದ್ದಾಗಿತ್ತು. ಹೊರಡುವಾಗಲೇ ಮೂರು ನಂಬರ್ ಬರೆದುಕೊಂಡಿದ್ದೆ, ಎರಡನೆಯವರು ಎತ್ತಿದರು. ಅವರು ಅಂಗಡಿಯಲ್ಲಿದ್ದರು, ಗಿರಾಕಿಗಳ ನಡುವೆಯೇ ಮಾತಾಡಿದರು. ಉಪದೇಶ ಏನೂ ಮಾಡಲಿಲ್ಲ, ಸಮುದ್ರ ಹೇಗಿದೆ, ಮಗಳು ಈಜು ಕಲಿತಳಾ ಅಂತ ಕೇಳಿದರು. ಫೋನ್ ಇಟ್ಟಾಗ ಆರು ನಲವತ್ತೈದು. ಇಪ್ಪತ್ತೈದು ನಿಮಿಷ. ಬಾಯಲ್ಲಿ ಆ ನೀರೂರುವುದು ನಿಂತಿತ್ತು, ಹಸಿವು ಮಾತ್ರ ಉಳಿದಿತ್ತು. ಹೋಗಿ ಮೀನಿನ ಊಟ ಮಾಡಿದೆ.

ನಿಮ್ಮ ಹತ್ತಿರ ಹೀಗೆ ನಂಬರ್ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡುತ್ತಾರೆ. ಹೊರಡುವ ಮೊದಲೇ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಹುಡುಕುವ ತಾಳ್ಮೆ ಇರೋದಿಲ್ಲ.

ತಿನ್ನುವುದರಲ್ಲೂ ಅಮಲಿನದೇನಾದರೂ ಹಾಕಿದ್ದಾರಾ ಅಂತ ಕೇಳಿ ತಿನ್ನುತ್ತಿದ್ದೆ. ಗೋವಾದ ಸಿಹಿ ಬೆಬಿಂಕಾದಲ್ಲಿ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ತುಪ್ಪ, ಅದು ಸರಿ. ಸನ್ನಾ ನಮ್ಮ ಇಡ್ಲಿ ಇದ್ದ ಹಾಗೇ ಇರುತ್ತೆ, ಆದರೆ ಹಿಟ್ಟು ಉಬ್ಬಲು ಕಳ್ಳು ಹಾಕುವ ರೂಢಿ ಇದೆ. ಬೆಂದ ಮೇಲೆ ಅಮಲೇನೂ ಉಳಿಯಲಿಕ್ಕಿಲ್ಲ, ಆದರೂ ಬಿಟ್ಟೆ. ಆ ನಾಲ್ಕು ದಿನ ನನ್ನ ತಲೆಯಲ್ಲಿ ಲೆಕ್ಕಾಚಾರಕ್ಕೆ ಜಾಗ ಕೊಡಬಾರದು ಅಂತ.

ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಎಚ್ಚರ ಆಯಿತು. ಗೋವಾದಲ್ಲಿ ಆ ಹೊತ್ತಿಗೆ ತಲೆನೋವಿಲ್ಲದೆ ನಾನು ಎದ್ದದ್ದೇ ಇಲ್ಲ. ಮಗನನ್ನ ಎಬ್ಬಿಸಿಕೊಂಡು ದಂಡೆಗೆ ಹೋದೆ. ಮೀನುಗಾರರು ರಾಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬಂದು, ಎರಡೂ ತುದಿ ಹಿಡಿದು ದಂಡೆಯಿಂದ ಎಳೆಯುವ ದೊಡ್ಡ ಬಲೆ ಅದು. ಒಬ್ಬರು ಕೈ ಸನ್ನೆ ಮಾಡಿ ಕರೆದರು. ಹಗ್ಗ ಹಿಡಿದೆವು. ಒದ್ದೆ ಹಗ್ಗ, ಮರಳು ಅಂಟಿ ಅಂಗೈ ಉರಿಯುತ್ತಿತ್ತು. ಎರಡು ಹೆಜ್ಜೆ ಹಿಂದೆ, ನಿಲ್ಲು, ಮತ್ತೆ ಎರಡು ಹೆಜ್ಜೆ. ಮುಕ್ಕಾಲು ಗಂಟೆ ಎಳೆದ ಮೇಲೆ ಬಲೆಯ ಹೊಟ್ಟೆ ದಂಡೆಗೆ ಬಂತು, ಬೆಳ್ಳಗೆ ಒದ್ದಾಡುತ್ತಿದ್ದ ಬಂಗುಡೆ. ಮಗ ಕಿರುಚಿದ ಕಿರುಚಾಟಕ್ಕೆ ಎಲ್ಲರೂ ನಕ್ಕರು. ನಮಗೂ ನಾಲ್ಕು ಮೀನು ಕೊಟ್ಟು ಕಳಿಸಿದರು. ಹಂಗಾದ್ರ ಗೋವಾ ಯಾಕೋ ಅಂತ ದೋಸ್ತ ಕೇಳಿದ್ದಕ್ಕೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ಅವನಿಗೆ ಹೇಳಲಿಲ್ಲ. ಮೀನು ಕೊಟ್ಟೆ.

ಆ ದಿನ ಸಂಜೆ ಐದೂವರೆಗೆ ಫೋನ್‌ನಲ್ಲೇ ಆನ್‌ಲೈನ್ ಮೀಟಿಂಗ್ ಕೂತೆ. ಹೆಂಡತಿಗೆ ಮೊದಲೇ ಹೇಳಿದ್ದೆ, ಅವಳು ಮಕ್ಕಳನ್ನ ಹೊರಗೆ ಕರೆದುಕೊಂಡು ಹೋದಳು. ಉರ್ರಾಕ್ ವಿಷಯ ಅಲ್ಲಿ ಹೇಳಿಕೊಂಡೆ. ಹೇಳಿದ ಮೇಲೆ ಅದು ಹಗುರಾಯಿತು.

ಕೊನೇ ದಿನ ಸುಲಭ ಅಂದುಕೊಂಡಿದ್ದೆ, ಹಾಗಿರಲಿಲ್ಲ. ವಾಪಸ್ ಹೊರಡುವಾಗ ಗಡಿ ಹತ್ತಿರ ಎಲ್ಲರೂ ಅಂಗಡಿಗೆ ನುಗ್ಗುತ್ತಾರೆ, ಊರಿಗೆ ಬಾಟಲಿ ಒಯ್ಯೋಕೆ. ಪರ್ಮಿಟ್ ಇಲ್ಲದೆ ತರೋದು ಅಪರಾಧ, ಆದರೂ ತರುತ್ತಾರೆ. ಭಾಮೈದ ಒಂದು ಚೀಲ ಹಿಡಿದು ನನ್ನ ಗಾಡಿ ಹತ್ತಿರ ಬಂದ. "ಮಾಮಾ, ನೀವು ಕುಡಿಯಂಗಿಲ್ಲಲ್ಲ, ನಿಮ್ಮ ಡಿಕ್ಕಿಯೊಳಗ ಇಡ್ತೀನ್ರಿ. ಹುಬ್ಬಳ್ಳ್ಯಾಗ ತಗೋತೀನಿ" ಅಂದ. ಎಷ್ಟು ಸಹಜವಾಗಿ ಕೇಳಿದ ಅಂದರೆ ನಾನು ಡಿಕ್ಕಿ ತೆಗೆಯಲು ಕೈ ಹಾಕಿಯೂ ಬಿಟ್ಟಿದ್ದೆ.

ಆಗ ತಲೆಗೆ ಬಂತು. ಹುಬ್ಬಳ್ಳಿ ತಲುಪುವಾಗ ರಾತ್ರಿ. ಅವನು ಬೆಳಿಗ್ಗೆ ಬಂದು ತಗೋತೀನಿ ಅನ್ನಬಹುದು. ಒಂದು ರಾತ್ರಿ ಆ ಚೀಲ ನನ್ನ ಮನೆ ಕೆಳಗೆ, ನನ್ನ ಕೀಲಿ ಇರುವ ಗಾಡಿಯಲ್ಲಿ ಇರುತ್ತೆ. ರಜೆ ಮುಗಿದ ಬೇಸರ, ದಣಿವು, ನಾಳೆ ಕೆಲಸ. ನಾಲ್ಕು ದಿನ ಗೆದ್ದೆ ಅನ್ನೋ ಗರ್ವ ಬೇರೆ. ಅದಕ್ಕಿಂತ ಅಪಾಯದ ರಾತ್ರಿ ಇನ್ನೊಂದಿಲ್ಲ. "ಬ್ಯಾಡಪ್ಪಾ, ನನ್ನ ಗಾಡಿಯೊಳಗ ಬ್ಯಾಡ" ಅಂದೆ. ಅವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ನಿಂತು, ಚೀಲ ತಗೊಂಡು ಅಂಗಡಿಗೇ ವಾಪಸ್ ಹೋದ. ಕೊಟ್ಟನೋ, ದೋಸ್ತನ ಗಾಡಿಯಲ್ಲಿ ಇಟ್ಟನೋ, ನಾನು ಕೇಳಲಿಲ್ಲ.

ಅಂಕೋಲಾ ದಾಟಿದಾಗ ಐದೂವರೆ. ಮಕ್ಕಳಿಗೆ ಬಿಸ್ಕತ್ತು, ನನಗೆ ಎರಡು ಬಾಳೆಹಣ್ಣು. ಅರಬೈಲ್ ಘಟ್ಟ ಹತ್ತುವಾಗ ಲಾರಿಗಳ ಸಾಲು, ಒಂದೊಂದೇ ತಿರುವು, ಕತ್ತಲು ಇಳಿಯುತ್ತಿತ್ತು. ಪಕ್ಕಕ್ಕೆ ನೋಡಿದೆ. ಹೆಂಡತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಮದುವೆಯಾಗಿ ಹನ್ನೊಂದು ವರ್ಷ, ನಾನು ಗಾಡಿ ಓಡಿಸುವಾಗ ಅವಳು ಕಣ್ಣು ಮುಚ್ಚಿದ್ದನ್ನ ನಾನು ನೋಡಿರಲಿಲ್ಲ. ಬಾಗಿಲ ಮೇಲಿನ ಹಿಡಿಕೆಯನ್ನ ಗಟ್ಟಿಯಾಗಿ ಹಿಡಿದು, ರಸ್ತೆಯನ್ನೇ ನೋಡುತ್ತಾ ಕೂರುತ್ತಿದ್ದಳು, ಎಷ್ಟೇ ದೂರ ಇರಲಿ. ಈಗ ಆ ಕೈ ಮಡಿಲಲ್ಲಿತ್ತು.

ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸೋದು ಅಂತ ಮಾತಾಗಿತ್ತು. ನಿಲ್ಲಿಸಲಿಲ್ಲ, ನಿಧಾನಕ್ಕೆ ಓಡಿಸಿಕೊಂಡು ಬಂದೆ.